ಜಿರಾಫೆಗೆ ಬಾಯಾರಿದಾಗ

ನಮ್ಮನೆಯವರು ಕಾರಿನ ಕೀ ಕೈಗೆ ತಗೊಂಡರೆ ಏನಾದರೊಂದು ಆಗಿಯೇ ಆಗುತ್ತೆ ಅನ್ನೋದು ಮದುವೆಯಾದ ಹೊಸದರಲ್ಲೇ ನನಗೆ ಗೊತ್ತಾಗಿಹೋಗಿತ್ತು. ಹಾಲು ತರೋಕೆ ಹೋದರೂ ಆಗುತ್ತೆ, ಏರ್‌ಪೋರ್ಟಿಗೆ ಹೋದರೂ ಆಗುತ್ತೆ. ಹಾಲಿನ ಕಥೆಗಳನ್ನ ಅಮೆರಿಕದ ನಮ್ಮೂರು ಪ್ಲಿಮತ್ ಸುತ್ತಮುತ್ತಲಿನ ಕನ್ನಡದವರೆಲ್ಲ ಪಾಟ್‌ಲಕ್ ಊಟಗಳಲ್ಲಿ ಕೇಳಿ ಕೇಳಿ ಸುಸ್ತಾಗಿದ್ದಾರೆ. ಅದಕ್ಕೆ ಈಗ ಆಫ್ರಿಕಾದ ಸರದಿ.

ಮೊದಲು ನಮ್ಮತ್ತೆ ವಿಷಯ ಹೇಳಿಬಿಡಬೇಕು, ಯಾಕೆಂದರೆ ನಾವು ಹೊರಟಿದ್ದೇ ಅವರಿಗೋಸ್ಕರ. ಅತ್ತೆ ಈಗ ಮಿಷಿಗನ್‌ನಲ್ಲಿ ನಮ್ಮ ಜೊತೆಗೇ ಇದ್ದಾರೆ. ಮುಂಚೆ ಇದ್ದಿದ್ದು ಮೈಸೂರಲ್ಲಿ, ಝೂಗೆ ನಡೆದುಕೊಂಡು ಹೋಗುವಷ್ಟು ಹತ್ತಿರ. ಯಾರೇ ನೆಂಟರು ಬರಲಿ, ಅವರನ್ನ ಪ್ರಾಣಿ ತೋರಿಸೋಕೆ ಕರ್ಕೊಂಡು ಹೋಗೋ ಕೆಲಸ ಅತ್ತೆಯ ತಲೆಗೇ ಬರೋದು. ಹಾಗೆ ಹೋಗಿ ಹೋಗಿ ಅಲ್ಲಿನ ಪ್ರಾಣಿಗಳ ಊಟ, ನಿದ್ದೆ, ಜಗಳ ಎಲ್ಲ ಅವರಿಗೆ ಬಾಯಿಪಾಠ. ನೋಡದೆ ಉಳಿದಿದ್ದು ಒಂದೇ, ಜಿರಾಫೆ ನೀರು ಕುಡಿಯೋದು. ಅಷ್ಟು ಎತ್ತರದಲ್ಲಿರೋ ತಲೆ ನೆಲದ ನೀರಿಗೆ ಹೇಗೆ ಮುಟ್ಟುತ್ತೆ?

ಮುಂಗಾಲು ಎರಡನ್ನೂ ಅಗಲಿಸಿಕೊಂಡು ಬಗ್ಗುತ್ತೆ ಅಂತ ಅತ್ತೆಯ ವಾದ. ಇಲ್ಲ, ಹಸು ಮಲಗೋಕೆ ಮುಂಚೆ ಮಾಡೋ ಹಾಗೆ ಮಂಡಿ ಊರುತ್ತೆ ಅಂತ ಮಾವನ ವಾದ. ಮಾವ ಕೋರ್ಟಿನಲ್ಲಿ ಶಿರಸ್ತೇದಾರರಾಗಿದ್ದವರು. ಕಣ್ಣಾರೆ ಕಂಡ ಸಾಕ್ಷಿ ಇಲ್ಲದೆ ಯಾವುದನ್ನೂ ಒಪ್ಪೋ ಪೈಕಿ ಅಲ್ಲ. ಹಾಲು ಉಕ್ಕಿಹೋಯ್ತು ಅಂದರೂ, ಉಕ್ಕಿದ್ದನ್ನ ನೀನು ನೋಡಿದೆಯಾ ಅಂತ ಕೇಳೋರು. ಅವರಿಬ್ಬರ ಮದುವೆಯ ಹೊಸದರಲ್ಲಿ ಶುರುವಾದ ಈ ಜಿರಾಫೆ ಕೇಸು ಮಾವ ಹೋಗೋವರೆಗೂ ನಡೀತು. ಕೊನೆಗೆ ಆಸ್ಪತ್ರೆಯಲ್ಲಿ ಅತ್ತೆ ಬಾಯಿಗೆ ನೀರು ಬಿಡೋಕೆ ಹೋದರೆ, ಚಮಚ ತಡೆದು, "ಮಂಡಿ ಊರುತ್ತೆ ಕಣೇ" ಅಂದಿದ್ದರಂತೆ.

ಅವತ್ತಿಂದ ಅತ್ತೆಗೆ ಅದೊಂದು ಕೊರಗು. ಎದುರು ವಾದಿಸೋಕೆ ಯಾರೂ ಇಲ್ಲದೆ ವಾದ ಒಬ್ಬರ ಹತ್ತಿರವೇ ಉಳಿದುಬಿಟ್ಟರೆ ಎಷ್ಟು ಭಾರ ಅಂತ ಅವರನ್ನ ನೋಡಿ ನನಗೆ ಗೊತ್ತಾಯ್ತು. ನನ್ನ ಮಗಳು ಫೋನ್ ತೆಗೆದು, "ಅಜ್ಜಿ, ಐ ಕ್ಯಾನ್ ಶೋ ಯು ಇನ್ ಟು ಸೆಕೆಂಡ್ಸ್" ಅಂದಳು. ಅತ್ತೆ ಕಣ್ಣು ಮುಚ್ಚಿಕೊಂಡುಬಿಟ್ಟರು. ವಿಡಿಯೋದಲ್ಲಿ ಏನು ಬೇಕಾದರೂ ಮಾಡ್ತಾರೆ, ನಿಮ್ಮ ತಾತ ಅದನ್ನ ಒಪ್ಪೋರಲ್ಲ, ನೋಡಿದರೆ ಎದುರಿಗೇ ನೋಡಬೇಕು ಅಂತ ಹಟ. ತಾತ ಹೋಗಿ ಮೂರು ವರ್ಷ ಆಯ್ತಲ್ಲ ಅಂತ ಹೇಳೋ ಧೈರ್ಯ ಮನೆಯಲ್ಲಿ ಯಾರಿಗೂ ಇರಲಿಲ್ಲ.

೧. ಸಿಂಹ ಇಲ್ಲದ ಕಾಡು

ಅತ್ತೆಗೆ ಮಂಡಿನೋವು. ಜೀಪಿನಲ್ಲಿ ದಿನಗಟ್ಟಲೆ ಕುಲುಕಾಡೋ ದೊಡ್ಡ ಕಾಡುಗಳು ಆಗಲ್ಲ. ಅದಕ್ಕೆ ನಮ್ಮನೆಯವರು ಹುಡುಕಿ ಹುಡುಕಿ ತಾಂಜಾನಿಯಾದಲ್ಲಿ ಅರುಷಾ ಊರಿನ ಪಕ್ಕದ ಒಂದು ಪುಟ್ಟ ನ್ಯಾಷನಲ್ ಪಾರ್ಕ್ ಆರಿಸಿದರು. ಒಂದು ಬೆಟ್ಟ, ನಾಲ್ಕಾರು ಕೆರೆ, ಒಂದು ಜಲಪಾತ, ಬೇಕಾದಷ್ಟು ಜಿರಾಫೆ. ಎರಡು ದಿನ ಇದ್ದರೆ ಧಾರಾಳ ಆಯ್ತು.

ಜೊತೆಗೆ ಬರ್ತೀನಿ ಅಂತ ಹೊರಟವರು ಇವರ ದಾವಣಗೆರೆ ಹಾಸ್ಟೆಲ್ಲಿನ ರೂಮ್‌ಮೇಟ್ ಮತ್ತು ಅವರ ಹೆಂಡತಿ. ಅವರದ್ದು ಹುಬ್ಬಳ್ಳಿ. ಈಗ ಶಿಕಾಗೋ ಹತ್ತಿರ ಗ್ಲೆಂಡೇಲ್ ಹೈಟ್ಸ್‌ನಲ್ಲಿ ದೊಡ್ಡ ದಿನಸಿ ಅಂಗಡಿ ಇಟ್ಟಿದ್ದಾರೆ. ಇವರು ಅವರನ್ನ ಕರೆಯೋದು ದೋಸ್ತ ಅಂತ, ಹಾಗಾಗಿ ನಮ್ಮನೆಯಲ್ಲೆಲ್ಲ ಅವರು ದೋಸ್ತ್ ಅಂಕಲ್. ಮನುಷ್ಯ ಅಪ್ಪಟ ಚಿನ್ನ, ಗಂಟಲು ಮಾತ್ರ ಬಸ್‌ಸ್ಟ್ಯಾಂಡಿನ ಮೈಕು. ಅವರ ಹೆಂಡತಿಯನ್ನ ನಾನು ಭಾಭಿ ಅಂತೀನಿ. ಭಾಭಿ ಕಮ್ಮಿ ಮಾತಾಡ್ತಾರೆ, ಮನೆಯಲ್ಲಿ ಅದಕ್ಕೆ ಅವಕಾಶ ಎಲ್ಲಿ ಸಿಗಬೇಕು.

ಟಿಕೆಟ್ ಎಲ್ಲ ಆದಮೇಲೆ ಒಂದು ಭಾನುವಾರ ದೋಸ್ತ್ ಅಂಕಲ್ ಫೋನ್ ಬಂತು. ನಾವು ಹೋಗೋ ಪಾರ್ಕಿನಲ್ಲಿ ಸಿಂಹಗಳೇ ಇಲ್ಲವಂತೆ ಅಂತ ಅವರಿಗೆ ಯಾರೋ ಗಿರಾಕಿ ಹೇಳಿದ್ದ. ಫೋನು ಸ್ಪೀಕರಿನಲ್ಲಿ ಇರಲಿಲ್ಲ, ಆದರೂ ಅಡುಗೆಮನೆಯಲ್ಲಿದ್ದ ನನಗೆ ಪೂರ್ತಿ ಕೇಳಿಸಿತು.

"ಲೇ ದೋಸ್ತ, ಸಿಂಹ ಇಲ್ಲಂದ್ರ ಅದೆಂಥಾ ಆಫ್ರಿಕಾಲೇ? ಅಂಗಡಿಗೆ ಬಂದವ್ರಿಗೆಲ್ಲಾ ಸಿಂಹ ನೋಡಾಕ ಹೊಂಟೀನಿ ಅಂತ ಹೇಳೀನಿ. ಈಗ ಏನ್ ಹೇಳ್ಲಿ, ಕುದುರಿಗೆ ಪಟ್ಟಿ ಬಳದಿದ್ದು ನೋಡಾಕ ಹೊಂಟೀನಿ ಅನ್ಲೇನು?"

ನಮ್ಮನೆಯವರು ಬೆವತುಹೋದರು. ಸಿಂಹ ಇದೆಯೋ ಇಲ್ಲವೋ ಅಂತ ಅವರೂ ನೋಡಿರಲಿಲ್ಲ. ಬೆಟ್ಟ ಚೆನ್ನಾಗಿದೆ, ಕೆರೆ ತುಂಬ ಫ್ಲೆಮಿಂಗೋ ಹಕ್ಕಿಗಳಿವೆ, ಕಪ್ಪು ಬಿಳುಪಿನ ಕೋತಿಗಳಿವೆ ಅಂತ ಏನೇನೋ ಸಮಾಧಾನ ಹೇಳಿದರು. ಫೋನ್ ಇಟ್ಟು ತಲೆ ಮೇಲೆ ಕೈಹೊತ್ತು ಕೂತರು. ಬೀನ್ಸ್ ಹೆಚ್ಚುತ್ತಿದ್ದ ಅತ್ತೆ ಮಾತ್ರ ತಲೆ ಎತ್ತದೆ ಅಂದರು, "ಒಳ್ಳೇದೇ ಆಯ್ತು ಬಿಡೋ. ಪಕ್ಕದಲ್ಲಿ ಸಿಂಹ ಕೂತಿದ್ದರೆ ಯಾರಿಗೆ ತಾನೇ ನೀರು ಗಂಟಲಲ್ಲಿ ಇಳಿಯುತ್ತೆ?"

೨. ರಿಹರ್ಸಲ್

ನಮ್ಮನೆಯವರು ಪ್ಲಿಮತ್‌ನಲ್ಲಿ ಕಾರಿನ ಬ್ರೇಕ್ ಮಾಡೋ ಕಂಪನಿಯಲ್ಲಿ ಟೆಸ್ಟಿಂಗ್ ಇಂಜಿನಿಯರ್. ಟೆಸ್ಟ್ ಮಾಡದೆ ಯಾವುದನ್ನೂ ಬಳಸಬಾರದು ಅನ್ನೋದು ಅವರ ಸಿದ್ಧಾಂತ. ಹೊಸ ಕುಕ್ಕರ್ ತಂದರೆ ಬರೀ ನೀರಿಟ್ಟು ಮೂರು ಸಲ ಕೂಗಿಸ್ತಾರೆ. ಹಾಗಾಗಿ ಸಫಾರಿಗೂ ಒಂದು ರಿಹರ್ಸಲ್ ಆಗಲೇಬೇಕು ಅಂದರು.

ಮೇ ತಿಂಗಳ ಲಾಂಗ್ ವೀಕೆಂಡ್‌ಗೆ ದೋಸ್ತ್ ಅಂಕಲ್, ಭಾಭಿ ಇಬ್ಬರೂ ಶಿಕಾಗೋ ಕಡೆಯಿಂದ ಡ್ರೈವ್ ಮಾಡ್ಕೊಂಡು ಬಂದಿದ್ದರು. ಸಿಕ್ಕಿದ್ದೇ ಛಾನ್ಸು ಅಂತ ಆರೂ ಜನರನ್ನ ಮಿನಿವ್ಯಾನಿಗೆ ತುಂಬಿಸಿ, ಇಪ್ಪತ್ತು ಮೈಲಿ ದೂರದ ಕೆರೆ ಪಕ್ಕದ ಪಾರ್ಕಿಗೆ ಜಿಂಕೆ ನೋಡೋಕೆ ಕರ್ಕೊಂಡು ಹೋದರು. ಮಾತಾಡಬಾರದು, ಬಾಗಿಲು ತೆಗೀಬಾರದು, ಚಿಪ್ಸ್ ಪ್ಯಾಕೆಟ್ ಸರಬರ ಅನ್ನಿಸಬಾರದು. ಎಲ್ಲರ ಕೈಗೂ ಒಂದೊಂದು ದುರ್ಬೀನು ಬೇರೆ.

ಒಂದು ಗಂಟೆ ಕೂತ್ವಿ. ಜಿಂಕೆ ಬರಲಿಲ್ಲ. ಒಂದಷ್ಟು ಬಾತುಗಳು ಬಂದವು, ಒಂದು ಅಳಿಲು ಬಂತು, ಆಮೇಲೆ ಕೆಂಪು ಚಡ್ಡಿಯ ಒಬ್ಬ ಮನುಷ್ಯ ಜಾಗಿಂಗ್ ಮಾಡ್ತಾ ಬಂದ. ಬೇರೇನೂ ಅಲ್ಲಾಡ್ತಾ ಇರಲಿಲ್ಲವಾದ್ದರಿಂದ ಆರೂ ದುರ್ಬೀನುಗಳು ತಾವಾಗಿಯೇ ಅವನ ಕಡೆ ತಿರುಗಿದವು. ಅವನು ನಿಧಾನ ಮಾಡಿದ, ನಮ್ಮ ವ್ಯಾನ್ ನೋಡಿದ. ನಾವೂ ನೋಡಿದ್ವಿ. ಹತ್ತಿರ ಬಂದು ಕಿಟಕಿ ತಟ್ಟಿ, ಎಲ್ಲ ಸರಿ ಇದೆಯಾ, ಏನಾದರೂ ಸಹಾಯ ಬೇಕಾ ಅಂತ ವಿಚಾರಿಸಿದ. ಪಾಪ, ಒಳ್ಳೆಯವನೇ.

ನಮ್ಮನೆಯವರು ಕಿಟಕಿ ಇಳಿಸಿ ಬಲು ವಿನಯದಿಂದ, ನಾವು ಜಿರಾಫೆಗೆ ಪ್ರಾಕ್ಟೀಸ್ ಮಾಡ್ತಾ ಇದ್ದೀವಿ ಅಂತ ಇಂಗ್ಲಿಷ್‌ನಲ್ಲಿ ವಿವರಿಸಿದರು. ಆ ಮನುಷ್ಯ ಬಂದಿದ್ದಕ್ಕಿಂತ ಜೋರಾಗಿ ಓಡಿಹೋದ. ಮಗಳು ನಾಚಿಕೆಯಿಂದ ಸೀಟಿನ ಕೆಳಗೆ ಇಳಿದುಬಿಟ್ಟಿದ್ದಳು.

ಕಾದಿದ್ದು ಸಾಕು ಅಂತ ವಾಪಸ್ ಬಂದ್ವಿ. ನಮ್ಮ ಬಡಾವಣೆ ಒಳಗೆ ತಿರುಗಿ ಮನೆ ಮುಂದೆ ಬಂದರೆ, ಮೂರು ಜಿಂಕೆಗಳು ಅಂಗಳದಲ್ಲಿ ಸಾಲಾಗಿ ನಿಂತು ನಾನು ನೆಟ್ಟ ಟ್ಯೂಲಿಪ್ ಮೇಯ್ತಾ ಇವೆ. ಅಷ್ಟು ಹತ್ತಿರದಲ್ಲಿ ಯಾವ ಸಫಾರಿಯಲ್ಲೂ ಸಿಗಲ್ಲ. ನಮ್ಮನೆಯವರು ಉದ್ದಕ್ಕೆ ಹಾರ್ನ್ ಹೊಡೆದು, ಬಾಗಿಲು ತೆಗೆದು, ಚಪ್ಪಲಿ ಕೈಯಲ್ಲಿ ಹಿಡಿದು, ಹೇಯ್ ಹೇಯ್ ಅಂತ ಮೂರನ್ನೂ ಬೀದಿಯ ಕೊನೆ ತನಕ ಓಡಿಸಿಕೊಂಡು ಹೋದರು. ರಿಹರ್ಸಲ್ ಚೆನ್ನಾಗಿ ಆಯ್ತು ಅಂತ ಅತ್ತೆ ಒಳಗೆ ಹೋದರು.

೩. ಎಮ್ಮೆಯ ಯೋಗಕ್ಷೇಮ

ಜುಲೈನಲ್ಲಿ ಹೋದ್ವಿ. ಮೊದಲನೇ ಬೆಳಿಗ್ಗೆ ಪಾರ್ಕಿನಲ್ಲಿ ಸ್ವಲ್ಪ ದೂರ ನಡೆಯೋ ಕಾರ್ಯಕ್ರಮ. ಮುಂದೆ ಬಂದೂಕು ಹಿಡಿದ ಒಬ್ಬ ರೇಂಜರ್, ಹಿಂದೆ ನಮ್ಮ ಗೈಡ್. ಗೈಡ್ ವಯಸ್ಸಾದವರನ್ನ ಕಂಡರೆ ಅಷ್ಟು ಮರ್ಯಾದೆ ಕೊಡೋ ಮನುಷ್ಯ. ಅತ್ತೆಯನ್ನ ಬೀಬಿ ಅಂತ ಕರೀತಿದ್ದ, ಅಲ್ಲಿನ ಮಾತಲ್ಲಿ ಅಜ್ಜಿ ಅಂತ ಅರ್ಥವಂತೆ. ಅತ್ತೆ ಅವನನ್ನ ಕನ್ನಡದಲ್ಲೇ ಮಾತಾಡಿಸೋರು, ಅವನು ಇಂಗ್ಲಿಷ್‌ನಲ್ಲಿ ಉತ್ತರ ಕೊಡೋನು, ಮಧ್ಯೆ ನನ್ನ ಮಗಳು ಅನುವಾದಕಿ.

ದೂರದಲ್ಲಿ ಮಂಜು ಸರಿದು ಬೆಟ್ಟ ಕಾಣೋಕೆ ಶುರುವಾಗಿತ್ತು. ಎಳೆಬಿಸಿಲಲ್ಲಿ ಹುಲ್ಲೆಲ್ಲ ಹೊಂಬಣ್ಣ. ನಿಜವಾಗಿ ಹೇಳ್ತೀನಿ, ನನಗೆ ಕಣ್ಣು ತುಂಬಿಬಂತು. ಅಷ್ಟರಲ್ಲಿ ರೇಂಜರ್ ಕೈ ಎತ್ತಿ ನಿಲ್ಲಿಸಿದ. ಎದುರಿಗೆ ಒಂದು ಕಾಡೆಮ್ಮೆ. ಹಣೆ ಮೇಲೆ ನಡುಬೈತಲೆ ತೆಗೆದ ಹಾಗೆ ಕೋಡು, ನೋಟ ನೇರವಾಗಿ ನಮ್ಮ ಮೇಲೇ. ಯಾರೂ ಅಲ್ಲಾಡಬೇಡಿ, ಇದು ಬಹಳ ಅಪಾಯದ ಪ್ರಾಣಿ ಅಂತ ಗೈಡ್ ಪಿಸುಗುಟ್ಟಿದ. ದೋಸ್ತ್ ಅಂಕಲ್ ಭಾಭಿಯ ಹಿಂದೆ ನಿಂತರು.

ಅತ್ತೆ ಹುಟ್ಟಿದ ಮನೆಯಲ್ಲಿ ಎರಡು ಎಮ್ಮೆ ಇದ್ದವು. ಅವರು ಕೈಕಟ್ಟಿ ನಿಂತು ಅದರ ಪಕ್ಕೆ, ಕೆಚ್ಚಲು ಎಲ್ಲ ನಿಧಾನವಾಗಿ ನೋಡಿ, ಹೊತ್ತಿಗೆ ಎಷ್ಟು ಲೀಟರ್ ಕೊಡುತ್ತೆ ಅಂತ ಕೇಳು ಅಂದರು. ಮಗಳು ಹೆದರಿಕೆಯಲ್ಲೇ ಕೇಳಿದಳು. ಇದರ ಹಾಲು ಯಾರೂ ಕರೆಯಲ್ಲ, ಇದು ಮನುಷ್ಯರನ್ನ ಕೊಲ್ಲುತ್ತೆ ಅಂತ ಗೈಡ್ ಹೇಳಿದ. ಎಮ್ಮೆ ಒಂದು ಸಲ ಬುಸ್ ಅಂದು ಪೊದೆಯೊಳಗೆ ಹೋಯ್ತು. ಎಲ್ಲರೂ ಉಸಿರು ಬಿಟ್ಟ್ವಿ.

ಅತ್ತೆಗೆ ಮಾತ್ರ ಬೇಜಾರು. "ಸರಿಯಾಗಿ ಹಿಂಡಿ ಬೂಸಾ ಹಾಕಲ್ಲ ಅಂತ ಕಾಣುತ್ತೆ," ಅಂದರು. "ಹೊಟ್ಟೆಗಿಲ್ಲದಿದ್ದರೆ ನಾನಾದರೂ ಹಾಯ್ತೀನಿ."

೪. ಇನ್ನೊಂದೇ ಒಂದು ಚೂರು

ಅವತ್ತು ಮಧ್ಯಾಹ್ನ ಕೆರೆ ಕಾಣೋ ಒಂದು ದಿಬ್ಬದ ಮೇಲೆ ಊಟ. ಲಾಡ್ಜಿನವರು ಅನ್ನ, ಮೊಸರು ಕಟ್ಟಿಕೊಟ್ಟಿದ್ದರು. ಅತ್ತೆ ಪ್ಲಿಮತ್‌ನಿಂದ ಪುಳಿಯೋಗರೆ ಗೊಜ್ಜು ತಂದಿದ್ದರು. ಭಾಭಿ ಖಡಕ್ ಜೋಳದ ರೊಟ್ಟಿ, ಶೇಂಗಾ ಚಟ್ನಿಪುಡಿ ತಂದಿದ್ದರು. ಗೈಡ್ ತನ್ನ ಪುಟ್ಟ ಡಬ್ಬಿ ಹಿಡ್ಕೊಂಡು ದೂರದ ಬಂಡೆ ಮೇಲೆ ಕೂತಿದ್ದ. ಅದನ್ನ ನೋಡಿ ಅತ್ತೆಗೆ ತಡೆಯಲಾಗಲಿಲ್ಲ. ಕರೆದು, ತಟ್ಟೆ ಕೊಟ್ಟು ಮಧ್ಯದಲ್ಲಿ ಕೂರಿಸಿಕೊಂಡರು.

ಅವನಿಗೆ ನಮ್ಮ ಪದ್ಧತಿ ಗೊತ್ತಿಲ್ಲ. ಬಡಿಸುವಾಗ ಮೊದಲನೇ ಬೇಡ ಮರ್ಯಾದೆಗೆ, ಎರಡನೇ ಬೇಡ ಸಂಕೋಚಕ್ಕೆ. ಮೂರನೇದನ್ನ ಮಾತ್ರ ನಾವು ಲೆಕ್ಕಕ್ಕೆ ತಗೊಳ್ಳೋದು. ಅವನು ಎರಡು ಸಲ ಸಾಕು ಅಂದ. ಮೂರನೇ ಸಲ ಹೇಳೋ ಹೊತ್ತಿಗೆ ಬಾಯಲ್ಲಿ ರೊಟ್ಟಿ ಇತ್ತು. ಒಂದು ಕಡೆಯಿಂದ ಅತ್ತೆಯ ಸೌಟು, ಇನ್ನೊಂದು ಕಡೆಯಿಂದ ಭಾಭಿಯ ಚಟ್ನಿಪುಡಿ. ಮೈಸೂರಿನ ಉಪಚಾರ ಹೆಚ್ಚೋ ಹುಬ್ಬಳ್ಳಿಯದ್ದು ಹೆಚ್ಚೋ ಅಂತ ಅವನ ತಟ್ಟೆಯಲ್ಲೇ ತೀರ್ಮಾನ ಆಗಬೇಕಿತ್ತು.

ಮಧ್ಯೆ ಜೀಪಿನಲ್ಲಿದ್ದ ವೈರ್‌ಲೆಸ್ ಗರಗರ ಅಂದಿತು. ಅವನು ಕಿವಿಗೊಟ್ಟು, ಏನೋ ಹೇಳೋಕೆ ಅರ್ಧ ಎದ್ದ. ಅತ್ತೆ ಭುಜ ಹಿಡಿದು ಕೂರಿಸಿದರು. ಮತ್ತೆ ಎದ್ದ. ಎಲೆ ಬಿಟ್ಟು ಏಳಬಾರದು, ಇನ್ನೊಂದೇ ಒಂದು ಚೂರು ಅಂತ ಭಾಭಿ ರೊಟ್ಟಿ ಹಾಕಿದರು. ದೊಡ್ಡವರ ಮಾತು ಮೀರಬಾರದು ಅಂತ ಬೆಳೆದ ಮನುಷ್ಯ, ಕಣ್ಣಲ್ಲಿ ನೀರು ತರಿಸಿಕೊಂಡು ತಟ್ಟೆ ಖಾಲಿ ಮಾಡಿದ. ಖಾರಕ್ಕೆ ಅಂದುಕೊಂಡು ನಾವು ಮೊಸರು ಹಾಕಿದ್ವಿ.

ಕೊನೆಗೆ ಕೈತೊಳೆದು ಓಡಿಬಂದು ಹೇಳಿದ. ಕೆಳಗಿನ ತೊರೆಯಲ್ಲಿ ಜಿರಾಫೆಯೊಂದು ನೀರು ಕುಡೀತಾ ಇದೆ ಅಂತ ಇನ್ನೊಬ್ಬ ಡ್ರೈವರ್ ವೈರ್‌ಲೆಸ್‌ನಲ್ಲಿ ತಿಳಿಸಿದ್ದನಂತೆ. ಅನ್ನದ ಪಾತ್ರೆಯನ್ನ ಮಡಿಲಲ್ಲೇ ಇಟ್ಟುಕೊಂಡು ಜೀಪ್ ಹತ್ತಿದ್ವಿ. ಹೋಗಿ ನೋಡಿದರೆ ತೊರೆಯ ಕೆಸರಲ್ಲಿ ಹೆಜ್ಜೆ ಗುರುತು ಇತ್ತು, ಜಿರಾಫೆ ಇರಲಿಲ್ಲ.

ಮಗಳು, "ಅಜ್ಜಿ, ಯು ಫೆಡ್ ಹಿಮ್ ಥ್ರೂ ದ ಹೋಲ್ ಥಿಂಗ್" ಅಂದಳು. ಅತ್ತೆ ತುಂಬ ಹೊತ್ತು ಆ ಹೆಜ್ಜೆಗಳನ್ನೇ ನೋಡ್ತಾ ಕೂತಿದ್ದರು. ಆಮೇಲೆ ಪಾತ್ರೆಗೆ ಮುಚ್ಚಳ ಹಾಕುತ್ತಾ ಹೇಳಿದರು, "ಇರಲಿ ಬಿಡು. ಅದು ನೀರು ಕುಡೀತು, ಇವನು ಊಟ ಮಾಡಿದ. ಉಳಿದಿದ್ದು ನಾನೊಬ್ಬಳೇ."

೫. ಕೊತ್ತಂಬರಿ ಎಲ್ಲಿದೆ

ಎರಡನೇ ದಿನವೇ ಕೊನೇ ದಿನ. ರಾತ್ರಿ ಫ್ಲೈಟು. ಬೆಳಿಗ್ಗೆಯೇ ಹೊರಟು ನಿನ್ನೆಯ ತೊರೆ ಹತ್ತಿರ ಜೀಪ್ ನಿಲ್ಲಿಸಿಕೊಂಡು ಕಾದ್ವಿ. ಅದೃಷ್ಟ ನೋಡಿ, ಹೆಚ್ಚು ಹೊತ್ತು ಹೋಗಲಿಲ್ಲ. ಮರಗಳ ಸಂದಿಯಿಂದ ಒಂದು ಜಿರಾಫೆ ಬಂತು. ಮದುವೆಮನೆಗೆ ತಡವಾಗಿ ಬಂದ ದೊಡ್ಡ ಮನುಷ್ಯರ ಥರ ಗಾಂಭೀರ್ಯದಿಂದ ಹೆಜ್ಜೆ ಹಾಕುತ್ತಾ ನೀರಿನ ಅಂಚಿಗೆ ಬಂದು ನಿಂತಿತು. ಆ ಕಡೆ ನೋಡಿತು, ಈ ಕಡೆ ನೋಡಿತು. ನಿಧಾನವಾಗಿ ಕತ್ತು ಇಳಿಸೋಕೆ ಶುರುಮಾಡಿತು. ಅತ್ತೆ ನನ್ನ ಕೈ ಎಷ್ಟು ಗಟ್ಟಿಯಾಗಿ ಹಿಡಿದಿದ್ದರು ಅಂದರೆ ಬಳೆ ಒಳಗಿಳಿದಿತ್ತು.

ಆಗ ದೋಸ್ತ್ ಅಂಕಲ್ ಫೋನ್ ಬಡ್ಕೊಂಡಿತು. ನಮ್ಮ ಮನೆ ಬೇಸ್‌ಮೆಂಟಿನಲ್ಲಿ ಇವತ್ತಿಗೂ ಸಿಗ್ನಲ್ ಸಿಗಲ್ಲ, ಆ ಕಾಡಿನಲ್ಲಿ ನಾಲ್ಕು ಕಡ್ಡಿ ಇತ್ತು. ಗ್ಲೆಂಡೇಲ್ ಹೈಟ್ಸ್‌ನ ಅಂಗಡಿಯಿಂದ ಅವರ ಭಾವಮೈದುನ; ಅಲ್ಲಿ ಇನ್ನೂ ಹಿಂದಿನ ರಾತ್ರಿ, ಅಂಗಡಿ ಮುಚ್ಚೋ ಹೊತ್ತು. ಅಂಕಲ್ ಪಿಸುಮಾತಿನಲ್ಲೇ ಆಡಿದೆ ಅಂತ ಇವತ್ತಿಗೂ ಆಣೆ ಮಾಡ್ತಾರೆ.

"ಏ, ನಾ ಜಿರಾಫಿ ಮುಂದ ಅದೀನೋ. ಕೊತ್ತಂಬ್ರಿ ಹಿಂದಿನ ಕೂಲರ್‌ನಾಗ ಐತಿ. ಮೆಂತ್ಯೆ ಸರಿಸಿ ನೋಡು."

ಜಿರಾಫೆ ತಲೆ ಎತ್ತಿತು. ಹಾಗೇ ನೆಟ್ಟ ನೋಟದಿಂದ ಅಂಕಲ್‌ರನ್ನೇ ನೋಡಿತು. ಅವರೂ ಫೋನ್ ಕಿವಿಯಲ್ಲೇ ಇಟ್ಟುಕೊಂಡು ಅದನ್ನ ನೋಡಿದರು. ಕೊತ್ತಂಬರಿ ಸಿಕ್ಕಿತು ಅಂತ ಆ ಕಡೆಯಿಂದ ಕೇಳಿಸಿತು. ಜಿರಾಫೆ ತಿರುಗಿ, ನೀರು ಮುಟ್ಟದೆ, ಬಂದ ದಾರಿಯಲ್ಲೇ ಹೊರಟುಹೋಯ್ತು.

ಅತ್ತೆ ನನ್ನ ಕೈ ಬಿಟ್ಟು ಸೆರಗು ಸರಿಮಾಡಿಕೊಂಡರು, ಅಷ್ಟೇ. ಅಂಕಲ್ ಮುಖ ಚಿಕ್ಕದಾಗಿಹೋಯ್ತು. "ತಪ್ಪಾತ್ರಿ ಅಮ್ಮಾರ" ಅಂದು ಫೋನ್ ಆಫ್ ಮಾಡಿ ಭಾಭಿ ಕೈಗೆ ಕೊಟ್ಟು, ಟೋಪಿ ಕಣ್ಣಿನ ತನಕ ಎಳೆದುಕೊಂಡು ಕೂತವರು ಮಧ್ಯಾಹ್ನದವರೆಗೂ ಬಾಯಿ ತೆರೆಯಲಿಲ್ಲ.

ಭಾಭಿ ನನ್ನ ಕಡೆ ವಾಲಿ ಮೆಲ್ಲಗೆ ಹೇಳಿದರು, "ಇಷ್ಟು ವರ್ಷ ನಾ ಹೇಳಿದ್ರೂ ಸುಮ್ಮನಾಗ್ಲಿಲ್ಲರಿ ಇವರು. ಆ ಜಿರಾಫಿ ಒಮ್ಮೆ ಹಿಂಗ ನೋಡ್ತು, ಸುಮ್ಮನಾದ್ರು. ಮನಿಗೆ ಒಂದು ಒಯ್ಯೂಣೇನ್ರಿ?"

೬. ಎಲ್ಲರೂ ಈ ಕಡೆ ನೋಡಿ

ಮಧ್ಯಾಹ್ನ ಆಯ್ತು. ಕೊನೆಯ ಪ್ರಯತ್ನ ಅಂತ ಗೈಡ್ ನಮ್ಮನ್ನ ಒಂದು ಹುಲ್ಲುಗಾವಲಿಗೆ ಕರ್ಕೊಂಡು ಬಂದ. ಅಲ್ಲಿ ಜೀಪಿಂದ ಇಳಿಯಬಹುದು. ಒಂದು ಸಣ್ಣ ನೀರಿನ ಹೊಂಡ, ಹಿಂದೆ ಬೆಟ್ಟ, ಆ ಬದಿಯ ಮರಗಳ ಕೆಳಗೆ ಎರಡು ಮೂರು ಜಿರಾಫೆ. ಕಾದ್ವಿ, ಕಾದ್ವಿ. ಅವು ಎಲೆ ತಿಂದವೇ ಹೊರತು ಹೊಂಡದ ಕಡೆ ತಿರುಗಲೇ ಇಲ್ಲ. ಅತ್ತೆಗೆ ಮಂಡಿನೋವು ಜಾಸ್ತಿಯಾಗಿತ್ತು, ಆದರೂ ಕೂರಲಿಲ್ಲ.

ನಮ್ಮನೆಯವರು ಗಡಿಯಾರ ನೋಡಿಕೊಂಡು, ಅಮ್ಮಾ, ಏರ್‌ಪೋರ್ಟಿಗೆ ಲೇಟಾಗುತ್ತೆ, ಏನು ಮಾಡೋಕಾಗುತ್ತೆ ಅಂದರು. ಅತ್ತೆ ಆಗಲಿ ಅಂದರು. ಅಷ್ಟು ಮೆತ್ತಗೆ ಅವರು ಮಾತಾಡಿದ್ದನ್ನ ನಾನು ಮಾವ ಹೋದ ದಿನ ಮಾತ್ರ ಕೇಳಿದ್ದೆ. ನನಗೆ ಅಳು ಬಂತು. ಇಷ್ಟು ದೂರ ಕರ್ಕೊಂಡು ಬಂದು ಬರೀ ಕೈಯಲ್ಲಿ ವಾಪಸ್ ಕರ್ಕೊಂಡು ಹೋಗ್ತಾ ಇದ್ದೀವಲ್ಲ ಅಂತ.

ಆದರೆ ಹೊರಡೋದು ಅಂದ ತಕ್ಷಣ ಹೊರಡೋಕಾಗಲ್ಲ. ಗ್ರೂಪ್ ಫೋಟೋ ಆಗದೆ ನಮ್ಮವರು ಎಲ್ಲಿಂದಲೂ ಎದ್ದಿದ್ದು ಇತಿಹಾಸದಲ್ಲೇ ಇಲ್ಲ. ಅದೂ ಒಂದು ಫೋನಿನಲ್ಲಿ ತೆಗೆದರೆ ಆಗಲ್ಲ, ಎಲ್ಲರ ಫೋನಿನಲ್ಲೂ ಒಂದೊಂದು ತೆಗೀಬೇಕು. ಗೈಡ್ ಎರಡೂ ಕೈ ತುಂಬ ಫೋನ್ ಹಿಡ್ಕೊಂಡು ನಿಂತ. ನಾವು ಹೊಂಡಕ್ಕೆ ಬೆನ್ನು ಹಾಕಿ ಸಾಲಾಗಿ ನಿಂತ್ವಿ. ಬೆಟ್ಟ ಬರಬೇಕು ಅಂತ ಇವರು ಎಡಕ್ಕೆ ಸರಿಸಿದರು. ಬಿಸಿಲು ಕಣ್ಣಿಗೆ ಹೊಡೆಯುತ್ತೆ ಅಂತ ನಾನು ಬಲಕ್ಕೆ ಸರಿಸಿದೆ. ಭಾಭಿ ದುಪಟ್ಟಾ ಸರಿಮಾಡಿಕೊಂಡರು. ದೋಸ್ತ್ ಅಂಕಲ್ ಹೊಟ್ಟೆ ಒಳಗೆಳೆದುಕೊಂಡರು, ಬಾಯಿ ಮಾತ್ರ ಬಿಡಲಿಲ್ಲ. ಆಮೇಲೆ ಎಲ್ಲರೂ ಹಲ್ಲು ಬಿಟ್ಟು ಗಟ್ಟಿಯಾಗಿ ನಿಂತುಬಿಟ್ಟ್ವಿ. ಆ ಎರಡು ದಿನದಲ್ಲಿ ನಾವು ಅಷ್ಟು ನಿಶ್ಶಬ್ದವಾಗಿದ್ದು ಅದೇ ಮೊದಲು.

ಮೊದಲನೇ ಫೋಟೋ ಆಯ್ತು. ಎರಡನೇ ಫೋನ್ ಎತ್ತಿದವನು ಹಾಗೇ ನಿಂತ. ಕಣ್ಣು ಅಗಲವಾಯ್ತು. ಒಂದು ಕೈ ಎತ್ತಿ ನಮ್ಮ ತಲೆಯ ಮೇಲಿಂದ ಆಚೆಗೆ ಆಡಿಸಿದ. ಕೈಬೀಸಿ ಅಂತ ಹೇಳ್ತಾ ಇದ್ದಾನೆ ಅಂದುಕೊಂಡು ನಾವೆಲ್ಲ ಕೈಬೀಸಿದ್ವಿ. ಅವನು ತಲೆ ಅಲ್ಲಾಡಿಸಿ, ಇನ್ನೂ ಜೋರಾಗಿ ಕೈ ಆಡಿಸಿದ. ನಾವು ಎರಡೂ ಕೈಯಲ್ಲಿ ಬೀಸಿದ್ವಿ. ಪಾಪ, ಕೂಗೋ ಹಾಗಿಲ್ಲ ಅವನು. ಕೊನೆಗೆ ಸೋತು, ಸುಮ್ಮನೆ ಒಂದೊಂದೇ ಫೋನ್ ಎತ್ತಿ ಕ್ಲಿಕ್ ಮಾಡ್ತಾ ಹೋದ.

ಅತ್ತೆ ಒಬ್ಬರೇ ತಿರುಗಿ ನಿಂತಿದ್ದರು. ಮೊದಲಿಂದಲೂ ಅವರ ಮನಸ್ಸು ಫೋಟೋದಲ್ಲಿ ಇರಲೇ ಇಲ್ಲ. ನಮ್ಮನೆಯವರು ನಗು ಕೆಡದ ಹಾಗೆ ಹಲ್ಲಿನ ಸಂದಿಯಿಂದಲೇ, "ಅಮ್ಮಾ, ಈ ಕಡೆ ನೋಡು" ಅಂದರು. ಅತ್ತೆ ನೋಡಲಿಲ್ಲ. "ಅಮ್ಮಾ, ಕ್ಯಾಮೆರಾ ಇಲ್ಲಿದೆ." ಅತ್ತೆ ಅಲ್ಲಾಡಲಿಲ್ಲ. ಬೇಜಾರಾಗಿರಬೇಕು, ಪಾಪ, ಬಿಡಿ ಅಂತ ನಾನು ಗಂಡನ ಕೈ ಒತ್ತಿ, ಮತ್ತೆ ಹಲ್ಲು ಬಿಟ್ಟು ನಿಂತೆ.

ಫೋಟೋ ಎಲ್ಲ ಮುಗಿದು ನಾವು ತಿರುಗಿದಾಗ, ಹೊಂಡದ ಅಂಚಿನಲ್ಲಿ ಒಂದು ಜಿರಾಫೆ ನೆಟ್ಟಗೆ ನಿಂತಿತ್ತು. ತುಟಿಯಿಂದ ನೀರು ತೊಟ್ಟಿಕ್ಕುತ್ತಾ ಇತ್ತು. ನಾವು ಬಾಯಿ ಬಿಟ್ಟುಕೊಂಡು ನೋಡ್ತಿದ್ದ ಹಾಗೇ ನಿಧಾನವಾಗಿ ನಡೆದು ಮರಗಳ ಹಿಂದೆ ಮರೆಯಾಯ್ತು.

ಅತ್ತೆಯ ಕೆನ್ನೆ ಮೇಲೆ ಕಣ್ಣೀರು ಇಳೀತಾ ಇತ್ತು, ಮುಖದಲ್ಲಿ ಮಾತ್ರ ಗೆದ್ದು ಬಂದವರ ಕಳೆ. ನನ್ನ ಕೈ ಹಿಡ್ಕೊಂಡು, "ಅಗಲಿಸ್ತು ಕಣೇ" ಅಂದರು. "ಎರಡೂ ಕಾಲು. ಹೀಗೆ." ಮಂಡಿನೋವು ಮರೆತು ತೋರಿಸೋಕೆ ಹೋಗಿ ಬೀಳೋದರಲ್ಲಿದ್ದರು, ಗೈಡ್ ಓಡಿಬಂದು ಹಿಡ್ಕೊಂಡ. ಅವನ ಕಣ್ಣಲ್ಲೂ ನೀರಿತ್ತು. ಈ ಸಲ ಖಾರದ್ದಲ್ಲ.

ನಮಗೆ ಯಾಕೆ ಹೇಳಲಿಲ್ಲ ಅಂತ ನಾನು ಕೇಳಿದೆ. ಅತ್ತೆ ದೋಸ್ತ್ ಅಂಕಲ್ ಕಡೆ ಕಣ್ಣು ತೋರಿಸಿ, ಹೇಳಿದ್ದರೆ ಈ ಹುಡುಗ ಕೂಗ್ತಿದ್ದ ಅಂದರು. ಅರವತ್ತರ ಹತ್ತಿರ ಬಂದ ಹುಡುಗ ತಲೆ ತಗ್ಗಿಸಿ, ಹೌದ್ರಿ ಅಮ್ಮಾರ, ಖರೇ ಅದ ಅಂದ.

ಆಮೇಲೆ ನಮ್ಮನೆಯಲ್ಲಿ

ವಾಪಸ್ ಬಂದ ಎರಡು ವಾರಕ್ಕೆ ಪ್ಲಿಮತ್‌ನ ನಮ್ಮ ಮನೆಯಲ್ಲಿ ಎಲ್ಲರೂ ಸೇರಿದ್ವಿ. ಶಿಕಾಗೋ ಕಡೆಯಿಂದ ದೋಸ್ತ್ ಅಂಕಲ್, ಭಾಭಿ ಬಂದರು, ಅಕ್ಕಪಕ್ಕದ ನಾಲ್ಕು ಕನ್ನಡ ಮನೆಯವರು ಬಂದರು. ಅತ್ತೆ ಬೆಳಿಗ್ಗೆಯಿಂದ ಕೋಡುಬಳೆ ಕರಿದಿದ್ದರು. ಊಟ ಆದಮೇಲೆ ನಮ್ಮನೆಯವರು ಗೋಡೆಗಾತ್ರದ ಟಿವಿ ಮೇಲೆ ಫೋಟೋ ಹಾಕಿದರು. ಬೆಟ್ಟ, ಕೆರೆ, ಹಕ್ಕಿ, ಎಮ್ಮೆ ಎಲ್ಲ ಮುಗಿದು ಕೊನೆಗೆ ಆ ಗ್ರೂಪ್ ಫೋಟೋಗಳು ಬಂದವು.

ಹಿಂದೆ ನೀರು ಕುಡೀತಿರೋ ಜಿರಾಫೆ ಖಂಡಿತ ಬಿದ್ದಿರುತ್ತೆ ಅಂತ ನಾವೆಲ್ಲ ಮುಂದಕ್ಕೆ ಬಗ್ಗಿ ನೋಡಿದ್ವಿ. ಮೊದಲನೇ ಫೋಟೋದಲ್ಲಿ ಜಿರಾಫೆ ಇನ್ನೂ ಬಂದೇ ಇಲ್ಲ. ಎರಡನೇದರಲ್ಲಿ ಬಂದಿದೆ, ಆದರೆ ಮುಂಗಾಲಿಗೆ ಸರಿಯಾಗಿ ದೋಸ್ತ್ ಅಂಕಲ್ ಬೀಸಿದ ಎರಡು ಕೈ. ಮೂರನೇದರಲ್ಲಿ ಭಾಭಿಯ ದುಪಟ್ಟಾ ಗಾಳಿಗೆ ಹಾರಿ ಕತ್ತು, ತಲೆ ಎಲ್ಲ ಮುಚ್ಚಿದೆ. ನಾಲ್ಕನೇದರಲ್ಲಿ ಕಾಣೋದು ಹಿಂಭಾಗ ಮಾತ್ರ, ಅದೂ ಹೇಗೆ ಅಂದರೆ ನಮ್ಮನೆಯವರ ನೆತ್ತಿಯಿಂದ ಒಂದು ಉದ್ದನೆಯ ಬಾಲ ಹುಟ್ಟಿದ ಹಾಗೆ. ನಾಲ್ಕರಲ್ಲೂ ಮಧ್ಯದಲ್ಲಿ ಅತ್ತೆಯ ತುರುಬು. ಯಾವುದೋ ಆಂಟಿ, ಇದ್ಯಾರು ಫೋಟೋಗೆ ಬೆನ್ನು ಹಾಕಿ ನಿಂತಿರೋದು ಅಂತ ಕೇಳಿದರು. ನಕ್ಕು ನಕ್ಕು ನನಗೆ ಹೊಟ್ಟೆ ಹಿಡ್ಕೊಂಡಿತು.

"ಅಜ್ಜಿ, ಸೋ ದೇರ್ ಈಸ್ ನೋ ಪ್ರೂಫ್" ಅಂದಳು ಮಗಳು, ಬೇಜಾರಾಗಿ.

ನಮ್ಮನೆಯವರು ಬಾಲದ ಫೋಟೋವನ್ನೇ ದೊಡ್ಡದು ಮಾಡಿ ನೋಡ್ತಾ, ಗಲ್ಲ ಕೆರೆದುಕೊಂಡು, "ಅಲ್ಲಮ್ಮಾ, ನೀನು ಸರಿಯಾಗಿ ನೋಡಿದೆಯಾ? ಬಿಸಿಲು ಬೇರೆ ಇತ್ತು. ಸ್ವಲ್ಪ ಮಂಡಿ ಊರಿರಬಹುದು" ಅಂದರು. ಥೇಟ್ ಮಾವನ ಧ್ವನಿ.

ಅತ್ತೆ ಮಗನನ್ನ ನೋಡಲಿಲ್ಲ. ಗೋಡೆ ಮೇಲಿದ್ದ ಮಾವನ ಫೋಟೋ ನೋಡಿದರು.

"ಫೋಟೋ ಯಾಕೆ? ಅವರು ಫೋಟೋ ಒಪ್ಪೋರೇ ಅಲ್ಲ. ಕಣ್ಣಾರೆ ಕಂಡ ಸಾಕ್ಷಿ ನಾನೇ ಇದ್ದೀನಲ್ಲ, ಮೇಲೆ ಹೋದಾಗ ನಾನೇ ಎದುರಿಗೆ ನಿಂತು ಹೇಳ್ತೀನಿ," ಅಂದು ತಟ್ಟೆಯಿಂದ ಒಂದು ಕೋಡುಬಳೆ ಆರಿಸಿ ತಗೊಂಡರು. "ಅವಸರ ಏನಿಲ್ಲ. ಕಾಯಲಿ."